ಸರಿ ಮಾಡುವ ಮುಂಚಿನ ಅಂಕಿ

೨೦೧೯ರ ಮಾರ್ಚ್ ೧೧, ಸೋಮವಾರ, ಬೆಳಿಗ್ಗೆ ಒಂಬತ್ತು ಗಂಟೆ ನಲವತ್ತು ನಿಮಿಷ. ವಿಕಿರಣ ಚಿಕಿತ್ಸಾ ವಿಭಾಗದ ಎರಡನೇ ಮಷೀನಿನ ಕಂಟ್ರೋಲ್ ರೂಮಿಗೆ ಫಿಸಿಕ್ಸ್ ಮೇಡಂ ಬಂದದ್ದು ಒಂದು ಥರ್ಮಾಮೀಟರನ್ನು ಹುಡುಕಿಕೊಂಡು. ಅವಳ ಲ್ಯಾಬಿನಿಂದ ಯಾರೋ ಅದನ್ನು ಹೇಳದೆ ಕೇಳದೆ ಎತ್ತಿಕೊಂಡು ಹೋಗಿದ್ದರು. ಕೋಪವನ್ನು ಮೂಗಿನ ತುದಿಯಲ್ಲೇ ಇಟ್ಟುಕೊಂಡು ಓಡಾಡುವವಳೆಂದು ಅವಳಿಗೆ ಮೊದಲೇ ಹೆಸರಿತ್ತು. ಒಂದು ಥರ್ಮಾಮೀಟರಿಗಾಗಿ ಮೂರು ರೂಮು ಜಾಲಾಡುತ್ತಾಳೆ ಎಂದು ಹಿಂದಿನಿಂದ ನಗುವವರೂ ಇದ್ದರು. ರೋಗಿಗೆ ಎಷ್ಟು ವಿಕಿರಣ, ಎಲ್ಲಿಗೆ, ಎಷ್ಟು ದಿನ ಎಂದು ಲೆಕ್ಕ ಹಾಕುವುದು, ಮಷೀನು ಕೊಡುವುದೂ ಅಷ್ಟೇ ಹೌದೇ ಎಂದು ಅಳೆದು ನೋಡುವುದು ಅವಳ ಕೆಲಸ. ಹದಿನಾಲ್ಕು ವರ್ಷದಿಂದ ಅದನ್ನೇ ಮಾಡುತ್ತಿದ್ದಳು.

ಕ್ಯಾಮೆರಾದ ಪರದೆಯಲ್ಲಿ, ದಪ್ಪ ಗೋಡೆಯ ಆಚೆ, ಕ್ರೇನಣ್ಣ ಮಲಗಿದ್ದು ಕಾಣುತ್ತಿತ್ತು. ಎತ್ತರದ ಕಟ್ಟಡಗಳು ಏಳುವ ಕಡೆ ಕ್ರೇನ್ ನಡೆಸುವ ಐವತ್ತೊಂದರ ಆಳು. ಮುಖದ ಮೇಲೆ ಬಲೆಯಂಥ ಗಟ್ಟಿ ಪ್ಲಾಸ್ಟಿಕ್ಕಿನ ಮುಖವಾಡ. ತಲೆ ಅಲ್ಲಾಡದಿರಲೆಂದು ಅದನ್ನು ಟೇಬಲ್ಲಿಗೆ ಬಿಗಿದಿದ್ದರು. ಮೂಗಿನ ಹಿಂದಿನ ಪೊಳ್ಳಿನಲ್ಲಿದ್ದ ಗಡ್ಡೆಯನ್ನು ಆಪರೇಷನ್ ಮಾಡಿ ತೆಗೆದಾಗಿತ್ತು. ಉಳಿದಿರಬಹುದಾದ ಚೂರುಗಳನ್ನು ಸುಡಲು ಈಗ ವಿಕಿರಣ. ಸುಡಬೇಕಾದ ಜಾಗದಿಂದ ಬಲಗಣ್ಣಿನ ನರಕ್ಕೆ ಇದ್ದದ್ದು ನಾಲ್ಕು ಮಿಲಿಮೀಟರ್ ದೂರ. ಒಂದು ಕಣ್ಣು ಹೋದವನನ್ನು ಯಾರೂ ಕ್ರೇನ್ ಹತ್ತಿಸುವುದಿಲ್ಲ ಎಂಬುದನ್ನು ಅವನು ಮೊದಲ ದಿನವೇ ಹೇಳಿದ್ದ.

"ಕೆಳಗೆ ಎರಡು, ಎಡಕ್ಕೆ ಐದೂವರೆ," ಎಂದಳು ದೊಡ್ಡಕ್ಕ, ಚಿಕಿತ್ಸೆಗೆ ಮುಂಚೆ ತೆಗೆದಿದ್ದ ಯೋಜನೆಯ ಸ್ಕ್ಯಾನಿನ ಮೇಲೆ ಈಗಷ್ಟೇ ತೆಗೆದ ಚಿತ್ರವನ್ನು ಕೂರಿಸಿ ನೋಡುತ್ತ. ದೊಡ್ಡಕ್ಕ ವಿಭಾಗದ ಹಿರಿಯ ಟೆಕ್ನೀಷಿಯನ್. ಮೂವತ್ತೊಂದು ವರ್ಷದ ಸರ್ವೀಸು. ಅಲ್ಲಿದ್ದ ಏಳು ಟೆಕ್ನೀಷಿಯನ್‌ಗಳಲ್ಲಿ ಆರು ಜನರಿಗೆ ಕೈ ಹಿಡಿದು ಕೆಲಸ ಕಲಿಸಿದವಳು.

ಅವಳು ಗುಂಡಿ ಒತ್ತಿದಳು. ಒಳಗೆ ಟೇಬಲ್ಲು ಅಷ್ಟೇ ಅಷ್ಟು ಜರುಗಿತು. ಇನ್ನೊಂದು ಚಿತ್ರ ತೆಗೆದಳು. ಈ ಸಲ ಎರಡೂ ಒಂದಕ್ಕೊಂದು ಅಂಟಿಸಿದಂತೆ ಕೂತವು. "ಮುತ್ತಿನ ಹಾಗಿದೆ" ಎನ್ನುತ್ತ ದೊಡ್ಡಕ್ಕ ಪಕ್ಕದಲ್ಲಿದ್ದ ಫಾರಮ್ಮಿನಲ್ಲಿ 'ವ್ಯತ್ಯಾಸ' ಎಂಬ ಕಾಲಮ್ಮಿನ ಕೆಳಗೆ ದುಂಡಗೆ ಬರೆದಳು: ೦.೬.

ಫಿಸಿಕ್ಸ್ ಮೇಡಂ ಥರ್ಮಾಮೀಟರನ್ನು ಮರೆತಳು.

"ಅದೇನು ಬರೆದ್ರಿ ದೊಡ್ಡಕ್ಕ?"

"ವ್ಯತ್ಯಾಸ."

"ಈಗ ತಾನೆ ಐದೂವರೆ ಅಂದ್ರಲ್ಲ."

"ಅದು ಸರಿ ಮಾಡೋಕ್ಕೆ ಮುಂಚೆ. ಸರಿ ಮಾಡಿದ್ಮೇಲೆ ಉಳಿದದ್ದು ಪಾಯಿಂಟ್ ಆರು. ಅದನ್ನೇ ಅಲ್ವಾ ಬರಿಯೋದು?"

"ಯಾವಾಗಿಂದ?"

"ಯಾವಾಗಿಂದ ಅಂದ್ರೆ? ಯಾವಾಗ್ಲೂ."

"ಮೊದಲನೇ ಹಂತದ ನಲವತ್ತೊಂದು ಜನಕ್ಕೂ ಹೀಗೇನಾ?"

"ಒಬ್ಬರಿಗೊಂದು ಇನ್ನೊಬ್ಬರಿಗೊಂದು ಮಾಡ್ತೀವಾ ಮೇಡಂ?" ದೊಡ್ಡಕ್ಕ ಕುರ್ಚಿಯನ್ನು ಅರ್ಧ ತಿರುಗಿಸಿದಳು. "ಮನೆಗೆ ಬಂದೋರಿಗೆ ತೊಳೆದ ತಟ್ಟೆ ತೋರಿಸ್ತೀರೋ, ಮುಸುರೆ ತೋರಿಸ್ತೀರೋ?"

ಪಕ್ಕದಲ್ಲಿದ್ದ ಇನ್ನೊಬ್ಬ ಟೆಕ್ನೀಷಿಯನ್ ಕಿಸಕ್ಕನೆ ನಕ್ಕ. ಒಳಗೆ ಮಷೀನು ಗುಂಯ್‌ಗುಟ್ಟತೊಡಗಿತು. ಕ್ರೇನಣ್ಣನ ಆರನೇ ದಿನದ ವಿಕಿರಣ ಶುರುವಾಗಿತ್ತು.

ವಿಷಯ ಇಷ್ಟು. ಇಂಥ ಗಡ್ಡೆಗಳಿಗೆ ಹಿಂದಿನಿಂದ ಬಂದ ಪದ್ಧತಿ ಎಂದರೆ ಆರು ವಾರ, ಮೂವತ್ತು ದಿನ, ದಿನಕ್ಕೆ ಸ್ವಲ್ಪ ಸ್ವಲ್ಪ. ಅದನ್ನು ಮೂರು ವಾರಕ್ಕೆ, ಹದಿನೈದು ದಿನಕ್ಕೆ ಇಳಿಸಬಹುದೇ ಎಂಬುದು ವಿಭಾಗದ ಸಂಶೋಧನೆ. ದಿನ ಕಡಿಮೆಯಾದರೆ ಒಂದೊಂದು ದಿನದ ಪಾಲು ಹೆಚ್ಚುತ್ತದೆ. ಒಂದು ದಿನ ಗುರಿ ತಪ್ಪಿದರೆ ಆಗುವ ಕೇಡೂ ಅಷ್ಟೇ ಹೆಚ್ಚು. ಹಾಗಾಗಿ ಮೊದಲ ಹಂತದಲ್ಲಿ ನಲವತ್ತೊಂದು ರೋಗಿಗಳಿಗೆ ಪ್ರತಿದಿನವೂ ಚಿತ್ರ ತೆಗೆದು, ಮುಖವಾಡದೊಳಗೆ ತಲೆ ದಿನದಿಂದ ದಿನಕ್ಕೆ ಎಷ್ಟು ಆಚೀಚೆಯಾಗುತ್ತದೆ ಎಂದು ಬರೆದಿಟ್ಟರು. ಫಾರಮ್ಮುಗಳನ್ನೆಲ್ಲ ಕೂಡಿಸಿದರೆ ಸರಾಸರಿ ೦.೮ ಮಿಲಿಮೀಟರ್ ಬಂತು. ತಲೆ ಕದಲುವುದೇ ಇಲ್ಲ ಎಂದಾಯಿತು. ಕದಲದ ತಲೆಗೆ ದಿನಾ ಚಿತ್ರ ಯಾಕೆ? ಎರಡನೇ ಹಂತದಲ್ಲಿ ಮೊದಲ ಮೂರು ದಿನ, ಆಮೇಲೆ ಸೋಮವಾರಗಳಂದು ಮಾತ್ರ ಚಿತ್ರ ಎಂದು ನಿಯಮವಾಯಿತು. ಗಡ್ಡೆಯ ಸುತ್ತ ಎಚ್ಚರಿಕೆಗೆಂದು ಸೇರಿಸಿಕೊಳ್ಳುತ್ತಿದ್ದ ಅಂಚು ಐದು ಮಿಲಿಮೀಟರಿನಿಂದ ಮೂರಕ್ಕೆ ಇಳಿಯಿತು. ರೋಗಿಯೊಬ್ಬರಿಗೆ ದಿನಕ್ಕೆ ಹನ್ನೊಂದು ನಿಮಿಷ ಉಳಿಯಿತು. ಹನ್ನೊಂದು ವಾರವಿದ್ದ ಕಾಯುವವರ ಸರದಿ ಏಳು ವಾರಕ್ಕೆ ಬಂತು. ವರದಿ ಅಚ್ಚಾಯಿತು. ಅದರಲ್ಲಿ ಮೊದಲ ಹೆಸರು ಪ್ರೊಫೆಸರ್‌ದು, ಎರಡನೆಯದು ಅವಳದು.

ಈಗ ನೋಡಿದರೆ ಆ ೦.೮ ಎಂಬುದು ತಲೆ ಎಷ್ಟು ಕದಲುತ್ತದೆ ಎಂಬುದರ ಅಳತೆಯಾಗಿರಲೇ ಇಲ್ಲ. ದೊಡ್ಡಕ್ಕನ ಕೈ ಎಷ್ಟು ಚುರುಕು ಎಂಬುದರ ಅಳತೆಯಾಗಿತ್ತು.

"ನಿಮ್ಗೆ ತಲೆ ಇದೆಯಾ ದೊಡ್ಡಕ್ಕ?" ಎಂದಳು. ದನಿ ಅವಳ ಹಿಡಿತ ಮೀರಿ ಕಾರಿಡಾರಿನವರೆಗೂ ಹೋಯಿತು. "ಮುಸುರೆ ಎಷ್ಟಿತ್ತು ಅಂತ ತಿಳಿಯೋಕ್ಕೇ ಅಲ್ವಾ ನಾವು ಇಷ್ಟೆಲ್ಲ ಮಾಡಿದ್ದು? ವಾರಕ್ಕೆ ನಾಲ್ಕು ದಿನ ಇವರನ್ನ ನೋಡದೇ ಹೊಡೀತಿದ್ದೀವಿ, ನೀವು ಬರೆದ ಪಾಯಿಂಟ್ ಆರು ನಂಬ್ಕೊಂಡು!"

ದೊಡ್ಡಕ್ಕ ಎದ್ದು ನಿಂತಳು. ಅವಳ ಕುತ್ತಿಗೆಯವರೆಗೂ ಕೆಂಪೇರಿತ್ತು.

"ತಲೆ ಬಗ್ಗೆ ಮಾತಾಡ್ಬೇಡಿ ಮೇಡಂ. ಹಿಂದಿನ ಸಾಹೇಬರ ಕಾಲದಲ್ಲಿ ಮೂರಕ್ಕಿಂತ ಜಾಸ್ತಿ ಬರೆದೋರ ಹೆಸರು ಆ ಬೋರ್ಡಿಗೆ ಅಂಟಿಸ್ತಿದ್ರು, 'ಅಜಾಗರೂಕರು' ಅಂತ. ನನ್ನ ಹೆಸರೂ ಇತ್ತು. ಸರಿ ಮಾಡಿದ್ಮೇಲೆ ಉಳಿದದ್ದನ್ನ ಬರೀಬೇಕು ಅಂತ ಆಗಲೇ ಕಲಿತಿದ್ದು, ಎಲ್ಲರಿಗೂ ಅದನ್ನೇ ಕಲಿಸಿದ್ದು. ಬೇರೆ ಬೇಕಿದ್ರೆ ಹೇಳ್ಬೇಕಿತ್ತು. ಒಂದು ದಿನ ಬಂದು ಇಲ್ಲಿ ಕೂತಿದ್ರಾ ನೀವು?"

ಅಷ್ಟರಲ್ಲಿ ಒಳಗಿನ ಭಾರದ ಬಾಗಿಲು ಸರಿದು ಕ್ರೇನಣ್ಣ ಹೊರಗೆ ಬಂದ. ಕೆನ್ನೆ, ಹಣೆಯ ಮೇಲೆಲ್ಲ ಮುಖವಾಡದ ಚೌಕುಳಿ ಅಚ್ಚು. ವಾರದಲ್ಲಿ ಎರಡು ಕಿಲೋ ಇಳಿದಿದ್ದ, ಊಟ ರುಚಿಸುತ್ತಿರಲಿಲ್ಲ.

"ಏನಕ್ಕಾ, ನಾನು ಒಳಗೆ ಮುಸುಡಿ ಕಟ್ಟಿಸ್ಕೊಂಡು ಬಿದ್ದಿದ್ರೆ ನೀವು ಹೊರಗೆ ಕುಸ್ತಿ ಆಡ್ತಿದ್ದೀರಾ?" ಎಂದು ನಕ್ಕ. "ಮುಖವಾಡ ಸ್ವಲ್ಪ ಲೂಸ್ ಆದಂಗಿದೆ. ನಾನೇ ಬಡಕಲಾದ್ನೋ, ಅದೇ ಹಿಗ್ಗಿತೋ?"

ಫಿಸಿಕ್ಸ್ ಮೇಡಂಗೆ ಅವನ ಮುಖ ನೋಡಲಾಗಲಿಲ್ಲ.

ಮಷೀನು ಸುಳ್ಳು ಹೇಳುವುದಿಲ್ಲ ಎಂದು ಅವಳೇನೂ ನಂಬಿದವಳಲ್ಲ, ಆದರೆ ಅದು ಮರೆಯುವುದಿಲ್ಲ. ಟೇಬಲ್ಲು ಎಂದು, ಎಷ್ಟು ಹೊತ್ತಿಗೆ, ಎತ್ತ, ಎಷ್ಟು ಸರಿಯಿತು ಎಂಬ ದಾಖಲೆ ಅದರ ಹೊಟ್ಟೆಯಲ್ಲಿತ್ತು. ಮಧ್ಯಾಹ್ನದ ಊಟ ಬಿಟ್ಟು ಹತ್ತು ರೋಗಿಗಳದ್ದನ್ನು ತೆಗೆದು ನೋಡಿದಳು. ಮೂರೂವರೆಗೆ, ಆ ಅಂಕಿಗಳನ್ನು ಬರೆದುಕೊಂಡ ಹಾಳೆ ಹಿಡಿದುಕೊಂಡು ಪ್ರೊಫೆಸರ್ ರೂಮಿಗೆ ಹೋದಳು.

ಪ್ರೊಫೆಸರ್ ವಿಭಾಗದ ಮುಖ್ಯಸ್ಥರು. ಬುಧವಾರ ಬೆಳಿಗ್ಗೆ ಸಮ್ಮೇಳನವೊಂದಕ್ಕೆ ಹೊರಡುವವರಿದ್ದರು. ಅಲ್ಲಿ ಈ ಸಂಶೋಧನೆಯ ಬಗ್ಗೆಯೇ ಅವರ ಭಾಷಣ. ಫೈಲುಗಳಿಗೆ ಸಹಿ ಹಾಕುತ್ತಲೇ ಕೇಳಿಸಿಕೊಂಡರು.

"ಅಂದ್ರೆ, ಟೆಕ್ನೀಷಿಯನ್‌ಗಳು ತಪ್ಪು ಅಂಕಿ ಬರೆದಿದ್ದಾರೆ ಅಂತೀರಿ."

"ಅಂಕಿ ಸರಿಯಾಗೇ ಇದೆ ಸರ್. ನಾವು ಕೇಳಿದ್ದು ಅದನ್ನಲ್ಲ."

"ಶುಕ್ರವಾರ ಸಮಿತಿ ಸೇರುತ್ತೆ. ಬರೆದು ಕೊಡಿ. ಚರ್ಚೆ ಮಾಡೋಣ."

"ಶುಕ್ರವಾರದ ಹೊತ್ತಿಗೆ ಇನ್ನೂ ನಾಲ್ಕು ದಿನ, ಈಗ ಚಿಕಿತ್ಸೆಯಲ್ಲಿರೋ ನಾಲ್ಕು ಜನಕ್ಕೆ ಕಣ್ಣು ಮುಚ್ಕೊಂಡು ಕೊಟ್ಟಿರ್ತೀವಿ. ಕ್ರೇನಣ್ಣನಿಗೆ ನರ ನಾಲ್ಕು ಮಿಲಿಮೀಟರ್ ದೂರದಲ್ಲಿದೆ."

"ಮೂರು ಮಿಲಿಮೀಟರ್ ಅಂಚು ಇಟ್ಟಿದ್ದೀವಲ್ಲ."

"ಆ ಮೂರು ಹುಟ್ಟಿದ್ದೇ ಈ ಅಂಕಿಯಿಂದ ಸರ್! ಅದನ್ನೇ ಅಲ್ವಾ ನಾನು ಅರ್ಧ ಗಂಟೆಯಿಂದ ಬಡ್ಕೊಳ್ತಿರೋದು?"

ಪ್ರೊಫೆಸರ್ ಪೆನ್ನಿನ ಮುಚ್ಚಳ ಹಾಕಿದರು. ಅವರು ಕಿರುಚುವವರಲ್ಲ. ಸಿಟ್ಟು ಬಂದಾಗ ದನಿ ಇನ್ನೂ ತಗ್ಗುತ್ತಿತ್ತು.

"ಆಚೆ ಬೆಂಚಿನ ಮೇಲೆ ಕೂತಿರೋರನ್ನ ನೋಡಿದ್ರಾ? ಹನ್ನೊಂದು ವಾರ ಕಾಯ್ತಿದ್ರು. ಗಡ್ಡೆ ಸರದಿ ನೋಡ್ಕೊಂಡು ಬೆಳೆಯಲ್ಲ. ದಿನಾ ಚಿತ್ರ ಮತ್ತೆ ಶುರು ಮಾಡಿದ್ರೆ ನಾಲ್ಕು ಜನಕ್ಕೆ ನಲವತ್ತನಾಲ್ಕು ನಿಮಿಷ. ಅಂದ್ರೆ ದಿನಕ್ಕೆ ಇಬ್ಬರು ಹೊಸಬರನ್ನ ವಾಪಸ್ ಕಳಿಸ್ಬೇಕು. ಕಾಯ್ತಾ ಕಾಯ್ತಾ ಸತ್ತೋರ ಹೆಸರು ನಿಮ್ಮ ಯಾವ ಫಾರಮ್ಮಿನಲ್ಲಿದೆ ಹೇಳಿ, ನೋಡೋಣ."

ಅವರ ಮಾತಿನಲ್ಲಿ ಅರ್ಧ ನಿಜವಿತ್ತು. ಹಸಿ ಸುಳ್ಳಾಗಿದ್ದರೆ ಅಲ್ಲೇ ಕಿತ್ತು ಬಿಸಾಡಬಹುದಿತ್ತು. ಈ ಅರ್ಧ ನಿಜ ಅವಳನ್ನು ಇನ್ನಷ್ಟು ಉರಿಸಿತು. ಹಾಳೆಯನ್ನು ಅವರ ಮೇಜಿನ ಮೇಲೆಯೇ ಬಿಟ್ಟು ಹೊರಟಳು. ಬಾಗಿಲು ಹಾಕಿಕೊಂಡ ರಭಸಕ್ಕೆ ಹೊರಗಿನ ಬೆಂಚಿನಲ್ಲಿ ತೂಕಡಿಸುತ್ತಿದ್ದ ಮುದುಕರೊಬ್ಬರು ಬೆಚ್ಚಿ ಎದ್ದು, ತಮ್ಮ ಸರದಿ ಬಂತೆಂದು ಕೈಚೀಲ ಹುಡುಕಿಕೊಂಡರು.

"ಇನ್ನೂ ಇಲ್ಲ ತಾತ, ಕೂತ್ಕೊಳ್ಳಿ," ಎಂದು ಅವರ ಹೆಗಲು ಮುಟ್ಟಿ ಕೂರಿಸಿದಳು.

ಮನೆಯಲ್ಲಿ ಅತ್ತೆ ಊಟದ ಮೇಜಿನ ಒಂದು ತುದಿಯಲ್ಲಿ ಹುರುಳಿಕಾಯಿಯ ನಾರು ತೆಗೆಯುತ್ತಿದ್ದರು. ಇನ್ನೊಂದು ತುದಿಯಲ್ಲಿ ಸೊಸೆ ಲ್ಯಾಪ್‌ಟಾಪ್ ತೆರೆದಳು. ಗಂಡ ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದ, ಮನೆಯಲ್ಲಿದ್ದದ್ದು ಇವರಿಬ್ಬರೇ. ಅತ್ತೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ತಂತಿ ಚುಚ್ಚಿ ನಿವೃತ್ತರಾದವರು. ಎಪ್ಪತ್ತೊಂದಾದರೂ ಕಿವಿ ಚುರುಕು, ನಾಲಿಗೆ ಅದಕ್ಕಿಂತ ಚುರುಕು.

ಏಳು ಗಂಟೆಯ ಹೊತ್ತಿಗೆ ನಲವತ್ತೊಂದೂ ಜನರ ದಾಖಲೆ ಸಿದ್ಧವಾಯಿತು. ಒಟ್ಟು ಆರುನೂರ ಹದಿನೈದು ದಿನಗಳು. ಸರಿ ಮಾಡುವ ಮುಂಚಿನ ಸರಾಸರಿ ೩.೪ ಮಿಲಿಮೀಟರ್. ತೊಂಬತ್ತೇಳು ದಿನ ಐದನ್ನೂ ದಾಟಿತ್ತು. ಎರಡನೇ ಹಂತದಲ್ಲಿ ಚಿಕಿತ್ಸೆ ಮುಗಿಸಿ ಮನೆಗೆ ಹೋದವರು ಹತ್ತೊಂಬತ್ತು ಜನ. ಒಬ್ಬೊಬ್ಬರಿಗೂ ಹತ್ತು ದಿನ ಚಿತ್ರವಿಲ್ಲದೆ. ನೂರ ತೊಂಬತ್ತು ದಿನಗಳಲ್ಲಿ ವಿಕಿರಣ ಎಲ್ಲಿ ಬಿತ್ತು ಎಂಬುದು ಇನ್ನು ಯಾರಿಗೂ ಎಂದೂ ಗೊತ್ತಾಗುವುದಿಲ್ಲ. ಕೇಡು ಆಗಿದ್ದರೂ ಈಗಲೇ ತೋರುವುದಿಲ್ಲ. ಕಣ್ಣಿನ ನರ ನಿಧಾನವಾಗಿ ಸಾಯುತ್ತದೆ, ಒಂದು ವರ್ಷ, ಎರಡು ವರ್ಷ ತೆಗೆದುಕೊಂಡು. ಒಂದು ದಿನ ಬೆಳಿಗ್ಗೆ ಕ್ಯಾಲೆಂಡರಿನ ಅಕ್ಷರ ಮಸುಕಾಗಿ ಕಂಡಾಗ ಆ ಮನುಷ್ಯ ಕನ್ನಡಕದ ಅಂಗಡಿಗೆ ಹೋಗುತ್ತಾನೆ.

ಅವಳು ಮೇಜನ್ನು ಗುದ್ದಿದಳು. ಹುರುಳಿಕಾಯಿ ಹಾರಿ ಬಿತ್ತು.

"ಮೇಜು ಏನು ಮಾಡ್ತು ನಿಂಗೆ?" ಎಂದರು ಅತ್ತೆ. "ಬಂದಾಗಿಂದ ಬುಸುಗುಡ್ತಿದ್ದೀಯ. ಬಾಯಿ ಬಿಟ್ಟು ಹೇಳು."

ಹೇಳಿದಳು. ದೊಡ್ಡಕ್ಕನನ್ನು ಬೈದಳು, ಪ್ರೊಫೆಸರನ್ನು ಬೈದಳು, ಬೋರ್ಡಿಗೆ ಹೆಸರು ಅಂಟಿಸುತ್ತಿದ್ದ ಹಳೆಯ ಸಾಹೇಬನನ್ನು ಬೈದಳು. ಅತ್ತೆ ನಾರು ತೆಗೆಯುವುದನ್ನು ನಿಲ್ಲಿಸದೆ ಕೇಳಿದರು.

"ಆ ದೊಡ್ಡಕ್ಕ ಸುಳ್ಳು ಬರೆದ್ಳಾ?"

"ಇಲ್ಲ ಅತ್ತೆ. ಎರಡು ಅಳತೆ ಇತ್ತು, ಎರಡನೇದನ್ನ ಬರೆದ್ಳು."

"ಎರಡನ್ನೂ ಬರೆಯೋಕ್ಕೆ ಜಾಗ ಇತ್ತಾ?"

"ಇರ್ಲಿಲ್ಲ."

"ಆ ಕಾಗದ ಯಾರು ಮಾಡಿದ್ದು?"

"ನಾನು."

ಅತ್ತೆಯ ಕೈ ನಿಂತಿತು.

ಮೂರು ವರ್ಷದ ಹಿಂದಿನ ಆ ಮಧ್ಯಾಹ್ನ ಅವಳಿಗೆ ಚೆನ್ನಾಗಿ ನೆನಪಿತ್ತು. ಮೊದಲು ಫಾರಮ್ಮಿನಲ್ಲಿ ಎರಡು ಕಾಲಂ ಇದ್ದವು: ಸರಿಪಡಿಸುವ ಮೊದಲು, ಸರಿಪಡಿಸಿದ ನಂತರ. ಪ್ರಿಂಟ್ ತೆಗೆದಾಗ ಕೊನೆಯ ಎರಡು ಸಾಲು ಎರಡನೇ ಪುಟಕ್ಕೆ ಹೋಯಿತು. ಎರಡು ಪುಟವಾದರೆ ಪಿನ್ ಹಾಕಬೇಕು, ಪಿನ್ ಕಿತ್ತರೆ ಹಾಳೆ ಕಳೆದುಹೋಗುತ್ತದೆ. ಹಾಗಾಗಿ ಒಂದು ಕಾಲಂ ತೆಗೆದಳು. ಉಳಿದದ್ದಕ್ಕೆ 'ವ್ಯತ್ಯಾಸ' ಎಂದು ತಲೆಬರಹ ಕೊಟ್ಟಳು. ಅದರ ಅರ್ಥ ಅವಳಿಗೆ ಎಷ್ಟು ಸ್ಪಷ್ಟವಾಗಿತ್ತೆಂದರೆ, ಬೇರೆಯವರಿಗೆ ಹೇಳಬೇಕು ಎಂದು ಒಂದು ಕ್ಷಣವೂ ತೋಚಲಿಲ್ಲ. ಹದಿನಾಲ್ಕು ತಿಂಗಳು ಆ ಫಾರಮ್ಮುಗಳು ಅವಳ ಮೇಜಿಗೆ ಬಂದವು. ಅಷ್ಟು ಅಂದವಾದ ಅಂಕಿಗಳನ್ನು ನೋಡಿ ಅನುಮಾನ ಪಡಬೇಕಾದವಳು ಹಿಗ್ಗಿದ್ದಳು. ಥರ್ಮಾಮೀಟರಿನ ಅರ್ಧ ಡಿಗ್ರಿಗೆ ಊರು ಒಂದು ಮಾಡುವವಳು, ಒಬ್ಬ ರೋಗಿಯ ಮುಖವಾಡವನ್ನೂ ಬೆರಳಿನಿಂದ ಅಲ್ಲಾಡಿಸಿ ನೋಡಿರಲಿಲ್ಲ.

"ಮತ್ತೆ ಆ ಹೆಂಗಸನ್ನ ಎಲ್ಲರೆದುರಿಗೆ ಯಾಕೆ ಹಂಗೆ ಬೈದೆ?"

"ತಡೀರಿ ಅತ್ತೆ, ಸಾಕು."

"ನಾನು ತಡೀತೀನಿ ಕಣಮ್ಮ. ಆ ಕ್ರೇನಿನವನಿಗೆ ನಾಳೆ ಬೆಳಿಗ್ಗೆ ಅಲ್ವಾ?"

ಹೌದು, ನಾಳೆ ಬೆಳಿಗ್ಗೆ ಒಂಬತ್ತೂವರೆಗೆ. ಅವಳು ಮತ್ತೆ ಲ್ಯಾಪ್‌ಟಾಪಿನ ಮುಂದೆ ಕೂತು ಸಮಿತಿಗೆ ವರದಿ ಬರೆದಳು. ಮೊದಲ ವಾಕ್ಯ: 'ಈ ಫಾರಮ್ಮನ್ನು ರೂಪಿಸಿದವಳು ನಾನು, ತಪ್ಪು ಶುರುವಾದದ್ದು ಅಲ್ಲಿ.' ಬರೆದ ಮೇಲೆ ಕೋಪ ಇಳಿಯಬಹುದು ಎಂದುಕೊಂಡಿದ್ದಳು. ಇಳಿಯಲಿಲ್ಲ. ಮೊದಲು ಅದು ಮೂರು ಕಡೆ ಹಂಚಿಹೋಗಿತ್ತು. ಈಗ ಎಲ್ಲ ಸೇರಿ ಅವಳೊಬ್ಬಳ ಮೇಲೆ ಬಂದು ಕೂತಿತು.

ಮಂಗಳವಾರ ಬೆಳಿಗ್ಗೆ ಏಳು ಇಪ್ಪತ್ತಕ್ಕೆ, ಇನ್ನೂ ಯಾರೂ ಬಂದಿರದ ವಿಭಾಗದಲ್ಲಿ, ಅವಳು ಕಂಪ್ಯೂಟರಿಗೆ ತನ್ನ ಪಾಸ್‌ವರ್ಡ್ ಕೊಟ್ಟು ಆ ನಾಲ್ಕೂ ರೋಗಿಗಳ ಚಿಕಿತ್ಸೆಗೆ ತಡೆ ಹಾಕಿದಳು. ಭೌತವಿಜ್ಞಾನಿ ತಡೆ ಹಾಕಿದರೆ ಅದನ್ನು ತೆಗೆಯುವವರೂ ಅವರೇ. ಅಲ್ಲಿಯವರೆಗೆ ಮಷೀನು ಒಂದು ಕಿರಣವನ್ನೂ ಬಿಡುವುದಿಲ್ಲ.

ತಡೆಯ ಸೂಚನೆಯನ್ನು ಫೋನಿನಲ್ಲಿ ನೋಡಿದ ಪ್ರೊಫೆಸರ್ ಎಂಟು ಗಂಟೆಗೆ ಬ್ಯಾಗನ್ನು ಹೆಗಲಿನಿಂದ ಇಳಿಸದೆ ನೇರವಾಗಿ ಕಂಟ್ರೋಲ್ ರೂಮಿಗೆ ಬಂದರು. ದೊಡ್ಡಕ್ಕ ಆಗಲೇ ಬಂದು, ಫಿಸಿಕ್ಸ್ ಮೇಡಂಗೆ ಬೆನ್ನು ಹಾಕಿ ಕೂತಿದ್ದಳು.

"ತಡೆ ತೆಗೀರಿ."

"ಚಿತ್ರ ತೆಗೆದು ಕೊಡೋದಾದ್ರೆ ಈ ಕ್ಷಣ ತೆಗೀತೀನಿ."

"ಚಿಕಿತ್ಸೆ ಒಂದು ದಿನ ತಪ್ಪಿದ್ರೂ ಗಡ್ಡೆ ಚಿಗುರುತ್ತೆ ಅಂತ ನೀವೇ ಅಲ್ವಾ ವಿದ್ಯಾರ್ಥಿಗಳಿಗೆ ಪಾಠ ಮಾಡೋದು? ಈಗ ನೀವೇ ನಾಲ್ಕು ಜನಕ್ಕೆ ದಿನ ತಪ್ಪಿಸ್ತಿದ್ದೀರ."

"ದಿನ ತಪ್ಪಿಸಿ ಅಂತ ನಾನು ಎಲ್ಲಿ ಹೇಳಿದೆ ಸರ್? ಹನ್ನೊಂದು ನಿಮಿಷ ಕೊಡಿ ಅಂದೆ."

"ಆ ನಿಮಿಷ ಎಲ್ಲಿಂದ ತರ್ಲಿ? ನಿಮ್ಮ ಲ್ಯಾಬಿನಿಂದಲಾ?"

"ನಮ್ಮಿಂದ," ಎಂದಳು ದೊಡ್ಡಕ್ಕ, ತಿರುಗದೆಯೇ.

ಇಬ್ಬರೂ ಅವಳ ಬೆನ್ನು ನೋಡಿದರು.

"ಮಧ್ಯಾಹ್ನ ಮಷೀನು ಒಂದು ಗಂಟೆ ಖಾಲಿ ಇರುತ್ತೆ. ಇಬ್ಬಿಬ್ಬರು ಸರದಿ ಮೇಲೆ ಊಟಕ್ಕೆ ಹೋದ್ರೆ ನಿಲ್ಲಿಸೋದು ಬೇಡ. ಹೊಸಬರು ಯಾರನ್ನೂ ವಾಪಸ್ ಕಳಿಸೋದೂ ಬೇಡ. ಬಾಕಿ ಟೆಕ್ನೀಷಿಯನ್‌ಗಳನ್ನ ರಾತ್ರಿನೇ ಫೋನಲ್ಲಿ ಕೇಳಿದ್ದೀನಿ, ಒಬ್ಬನಿಗೆ ಮಾತ್ರ ಸಿಟ್ಟು ಬಂದಿದೆ. ಅವನು ಯಾವಾಗ್ಲೂ ಹಂಗೇ." ಈಗ ಅವಳು ಕುರ್ಚಿ ತಿರುಗಿಸಿದಳು. ಕಣ್ಣು ಊದಿಕೊಂಡಿದ್ದವು. "ನಾನು ಮಾಡ್ತಿರೋದು ಮೇಡಂಗೋಸ್ಕರ ಅಲ್ಲ. ಆ ನಲವತ್ತೊಂದು ಜನಕ್ಕೂ ನಾನು ಎರಡೆರಡು ಸಲ ನೋಡಿ ಸರಿ ಮಾಡಿ ಕೊಟ್ಟಿದ್ದೀನಿ. ಆ ಹತ್ತೊಂಬತ್ತು ಜನಕ್ಕೆ ನೋಡ್ಬೇಡ ಅಂದ್ರಿ, ನೋಡ್ಲಿಲ್ಲ. ನೋಡೋಕ್ಕೆ ಕೈ ಇತ್ತು ನಂಗೆ."

ಫಿಸಿಕ್ಸ್ ಮೇಡಂ ವರದಿಯ ಮೊದಲ ಹಾಳೆಯನ್ನು ಅವಳ ಮುಂದೆ ಇಟ್ಟಳು. ದೊಡ್ಡಕ್ಕ ಮೊದಲ ವಾಕ್ಯ ಓದಿ, ಹಾಳೆಯನ್ನು ಮಡಚಿ ವಾಪಸು ಕೊಟ್ಟಳು.

"ನಿನ್ನೆ ಆಡಿದ್ದು ಕಿವಿಯಿಂದ ಇನ್ನೂ ಇಳಿದಿಲ್ಲ ಮೇಡಂ," ಎಂದಳು. "ಅದು ಆಮೇಲೆ. ಮೊದಲು ಕೆಲಸ."

"ಇದು ನಿಯಮಕ್ಕೆ ವಿರುದ್ಧ," ಎಂದರು ಪ್ರೊಫೆಸರ್. "ಸಮಿತಿ ಒಪ್ಪದೆ ಪದ್ಧತಿ ಬದಲಾಯಿಸಿದ್ರೆ ಇಡೀ ಸಂಶೋಧನೆ ಮುಳುಗುತ್ತೆ. ಅಚ್ಚಾದ ವರದಿ ಹಿಂದಕ್ಕೆ ತಗೋಬೇಕಾಗುತ್ತೆ. ನಿಮ್ಮ ಹೆಸರೂ ಇದೆ ಅದರಲ್ಲಿ."

"ಇದೆ. ಇಬ್ಬರೂ ಸೇರಿ ಹಿಂದಕ್ಕೆ ತಗೊಳ್ಳೋಣ. ನೀವು ನಾಳೆ ಹೋಗಿ ಆ ವೇದಿಕೆ ಮೇಲೆ ಪಾಯಿಂಟ್ ಎಂಟು ಅಂತ ಹೇಳಿದ್ರೆ, ಕೇಳಿದೋರು ತಮ್ಮ ತಮ್ಮ ಊರಿಗೆ ಹೋಗಿ ಅಂಚು ಮೂರಕ್ಕೆ ಇಳಿಸ್ತಾರೆ ಸರ್. ಆಗ ಹತ್ತೊಂಬತ್ತು ಜನಕ್ಕೆ ನಿಲ್ಲಲ್ಲ ಇದು."

ಪ್ರೊಫೆಸರ್ ಬ್ಯಾಗು ಸರಿಮಾಡಿಕೊಂಡು, "ಏನಾದ್ರೂ ಮಾಡ್ಕೊಳ್ಳಿ, ನಾನು ನೋಡಿಲ್ಲ" ಎಂದು ಹೊರಟರು. ಬಾಗಿಲ ಬಳಿ ಒಮ್ಮೆ ನಿಂತರು. "ರೋಗಿಗಳನ್ನ ಸುಮ್ಮನೆ ಹೆದರಿಸಬೇಡಿ."

'ನಾನು ನೋಡಿಲ್ಲ' ಎಂಬ ಆ ಎರಡು ಪದ ಅವಳ ಮೈಯನ್ನು ಅಡಿಯಿಂದ ಮುಡಿಯವರೆಗೆ ಸುಟ್ಟಿತು. ಯಾರೂ ನೋಡದೆ ಇದ್ದದ್ದರಿಂದ ತಾನೇ ಇಷ್ಟೆಲ್ಲ ಆದದ್ದು! ಅವಳು ಆ ಕ್ಷಣವೇ ಹೊರಗೆ ಹೋದಳು.

ಕ್ರೇನಣ್ಣ ಮತ್ತು ಅವನ ಹೆಂಡತಿ ಕಾರಿಡಾರಿನ ಕೊನೆಯ ಬೆಂಚಿನಲ್ಲಿ ಕೂತಿದ್ದರು. ಹೆಂಡತಿ ಉಣ್ಣೆಯ ಕುಲಾವಿ ಹೆಣೆಯುತ್ತಿದ್ದಳು, ಕೂದಲು ಉದುರಿದವರಿಗೆಂದು. ಈ ವಿಭಾಗದಲ್ಲಿ ಆಗಲೇ ಮೂವರ ತಲೆಯ ಮೇಲೆ ಅವಳ ಕುಲಾವಿ ಇತ್ತು. ಫಿಸಿಕ್ಸ್ ಮೇಡಂ ಅವರೆದುರು ನಿಂತಳು. ಕೂತು ಹೇಳುವ ಮಾತಾಗಿರಲಿಲ್ಲ.

"ನಿಮಗೆ ಒಂದು ವಿಷಯ ಹೇಳ್ಬೇಕು. ಕಳೆದ ವಾರ ಗುರುವಾರ, ಶುಕ್ರವಾರ ನಿಮಗೆ ಚಿತ್ರ ತೆಗೆಯದೆ ವಿಕಿರಣ ಕೊಟ್ವಿ. ತಲೆ ಕದಲಲ್ಲ ಅನ್ನೋ ಲೆಕ್ಕದ ಮೇಲೆ. ಆ ಲೆಕ್ಕ ತಪ್ಪು. ಅದು ನನ್ನ ಫಾರಮ್ಮಿನ ತಪ್ಪು. ಆ ಎರಡು ದಿನ ಕಿರಣ ಎಲ್ಲಿ ಬಿತ್ತು ಅಂತ ನಂಗೆ ಗೊತ್ತಿಲ್ಲ."

ಹೆಣೆಯುವ ಕಡ್ಡಿಗಳು ನಿಂತವು. ಕ್ರೇನಣ್ಣನ ಮುಖದಿಂದ ನಗು ಹೋಗಲು ಸ್ವಲ್ಪ ಹೊತ್ತು ಹಿಡಿಯಿತು.

"ಗೊತ್ತಿಲ್ಲ ಅಂದ್ರೆ?"

"ಸರಿಯಾಗೇ ಬಿದ್ದಿರಬಹುದು. ನರದ ಕಡೆಗೂ ಬಿದ್ದಿರಬಹುದು."

"ನಗ್ತಾ ನಗ್ತಾ ಒಳಗೆ ಕರ್ಕೊಂಡು ಹೋಗ್ತಿದ್ರಲ್ಲ ಎಲ್ಲರೂ," ಎಂದಳು ಹೆಂಡತಿ. ಅವಳ ದನಿ ಗಟ್ಟಿಯಾಗಿರಲಿಲ್ಲ, ಆದರೆ ಬೆಂಚುಗಳಲ್ಲಿದ್ದವರೆಲ್ಲ ತಿರುಗಿ ನೋಡಿದರು. "ಮಿಲಿಮೀಟರು ಮಿಲಿಮೀಟರು ಅಂತ ತಲೆ ತಿಂದ್ರಿ. ನಮ್ಮನೆ ಗಂಡಸು ಆ ಕಣ್ಣಿಟ್ಕೊಂಡು ನಲವತ್ತು ಮೀಟರ್ ಮೇಲೆ ಕೂರ್ತಾನೆ, ಗೊತ್ತಾ ನಿಮ್ಗೆ?"

"ಗೊತ್ತು."

"ಗೊತ್ತಿದ್ದೂ ಹಿಂಗಾ?"

ಅವಳು ಬೈಸಿಕೊಂಡಳು. ಸಮಜಾಯಿಷಿ ಹೇಳಲಿಲ್ಲ. ಕ್ರೇನಣ್ಣ ಹೆಂಡತಿಯ ಮೊಣಕೈ ಮೇಲೆ ಕೈಯಿಟ್ಟ.

"ಮೇಡಂ, ನಮ್ಮ ಕೆಲಸದಲ್ಲಿ ಕಂಬಿಯ ಕಟ್ಟು ಇಳಿಸೋ ಮುಂಚೆ ಕೆಳಗಿಂದ ಒಬ್ಬ ಸಿಗ್ನಲ್ ಕೊಡ್ತಾನೆ. ಅವನು ಕೈ ಎತ್ತದೆ ನಾನು ಒಂದು ಗೇಣು ಇಳಿಸಿದ್ರೂ ನನ್ನ ಲೈಸೆನ್ಸ್ ಕಿತ್ಕೊಳ್ತಾರೆ. ಕೆಳಗೆ ಜನ ಇರ್ತಾರಲ್ಲ. ಆ ಎರಡು ದಿನ ನಿಮ್ಗೆ ಸಿಗ್ನಲ್ ಕೊಟ್ಟೋರು ಯಾರು?"

"ಯಾರೂ ಇಲ್ಲ."

"ಯಾರೂ ಇಲ್ಲ," ಎಂದು ಅವನೂ ಹೇಳಿದ. ಎದ್ದು ಎರಡು ಹೆಜ್ಜೆ ನಡೆದು, ಗೋಡೆಗೆ ಅಂಗೈಯಿಂದ ಒಮ್ಮೆ ಬಡಿದ. ಎಷ್ಟು ಜೋರಾಗಿ ಬಡಿದನೆಂದರೆ ಅಲ್ಲಿದ್ದ ಸೂಚನಾ ಫಲಕ ಓರೆಯಾಯಿತು. ಆಮೇಲೆ ಅದನ್ನು ತಾನೇ ನೆಟ್ಟಗೆ ಮಾಡಿದ. ಕೆಲಸದ ಕೈ.

"ಬಿಟ್ಟು ಹೋದ್ರೆ ಏನಾಗುತ್ತೆ?"

"ಗಡ್ಡೆ ವಾಪಸ್ ಬರುತ್ತೆ. ಬಿಡೋಕ್ಕೆ ಆಗಲ್ಲ. ಇವತ್ತೂ ತಪ್ಪಿಸೋಕ್ಕೆ ಆಗಲ್ಲ."

"ಇವತ್ತು ನೋಡಿ ಕೊಡ್ತೀರಾ?"

"ನೋಡಿಯೇ ಕೊಡೋದು. ಇವತ್ತು, ನಾಳೆ, ಕೊನೇ ದಿನದವರೆಗೂ. ಮುಖವಾಡ ಹೊಸದು ಮಾಡ್ತೀವಿ, ಅಷ್ಟರೊಳಗೆ ಇದರಲ್ಲೇ."

"ಹಂಗಾದ್ರೆ ಒಂದು ಮಾತು," ಎಂದ ಕ್ರೇನಣ್ಣ. "ಒಳಗೆ ಮೈಕಿದೆಯಲ್ಲ, ಅದರಲ್ಲಿ ಅಂಕಿ ಹೇಳ್ಬೇಕು. ಸರಿ ಮಾಡೋಕ್ಕೆ ಮುಂಚಿನದ್ದು. ಎಷ್ಟು ಬಂದ್ರೆ ಅಷ್ಟು. ನಂಗೆ ಸಮಾಧಾನ ಹೇಳೋದು ಬೇಡ, ತಟ್ಟಿ ಮಲಗಿಸೋದು ಬೇಡ. ನನ್ನ ಕಣ್ಣು, ನಾನು ಕೇಳಿಸ್ಕೊಳ್ತೀನಿ."

"ಹೇಳ್ತೀನಿ."

ಹೆಂಡತಿ ಒಳಗಿನ ಬಾಗಿಲವರೆಗೂ ಬಂದಳು. ಬಿಡುವ ಪದ್ಧತಿ ಇರಲಿಲ್ಲ. ಆ ದಿನ ಯಾರೂ ತಡೆಯಲಿಲ್ಲ. ದೊಡ್ಡಕ್ಕ ಮುಖವಾಡ ಬಿಗಿದು, ಗದ್ದದ ಬಳಿ ಬೆರಳು ತೂರಿಸಿ ನೋಡಿದಳು. ಒಂದು ಬೆರಳು ಸಲೀಸಾಗಿ ಹೋಯಿತು. ಅವಳು ಹಲ್ಲು ಕಚ್ಚಿ, ಏನೂ ಹೇಳದೆ, ಗೋಡೆಯ ಲೇಸರ್ ಗೆರೆಗೆ ಮುಖವಾಡದ ಮೇಲಿನ ಗುರುತನ್ನು ಕೂರಿಸಿದಳು. ಹೊರಗಿನಿಂದ ನೋಡಿದರೆ ಎಲ್ಲವೂ ಕೂದಲೆಳೆಯಷ್ಟೂ ತಪ್ಪದೆ ಕೂತಿತ್ತು. ಗುರುವಾರವೂ, ಶುಕ್ರವಾರವೂ ಹೀಗೇ ಕೂತಿತ್ತು.

ಭಾರದ ಬಾಗಿಲು ಮುಚ್ಚಿತು. ಫಿಸಿಕ್ಸ್ ಮೇಡಂ ತಡೆ ತೆಗೆದಳು. ಮಷೀನಿನ ತೋಳು ಕ್ರೇನಣ್ಣನ ತಲೆಯ ಸುತ್ತ ಒಂದು ಸುತ್ತು ಬಂತು. ಪರದೆಯ ಮೇಲೆ ಮೂಳೆಗಳು ಬೂದುಬಣ್ಣದಲ್ಲಿ ಮೂಡಿದವು. ದೊಡ್ಡಕ್ಕ ಹೊಸ ಚಿತ್ರವನ್ನು ಹಳೆಯದರ ಮೇಲೆ ಎಳೆದು ಕೂರಿಸತೊಡಗಿದಳು. ಕಣ್ಣುಗುಳಿಯ ಅಂಚು ಅಂಚಿನ ಮೇಲೆ ಕೂರಲಿಲ್ಲ; ಪಕ್ಕದಲ್ಲಿ ಇನ್ನೊಂದು ಅಂಚು ಕಾಣುತ್ತಿತ್ತು. ಅವಳು ಜರುಗಿಸಿದಳು, ಇನ್ನೂ ಸ್ವಲ್ಪ, ಇನ್ನೂ ಸ್ವಲ್ಪ. ಎರಡೂ ಒಂದಾದಾಗ ಮೌಸಿನಿಂದ ಕೈ ತೆಗೆದು, ಟೇಬಲ್ಲಿನ ಗುಂಡಿ ಮುಟ್ಟದೆ, ಫಾರಮ್ಮಿನ 'ವ್ಯತ್ಯಾಸ' ಕಾಲಮ್ಮಿನ ನಡುವೆ ಸ್ಕೇಲಿಟ್ಟು ಹೊಸ ಗೆರೆ ಎಳೆದು ಎರಡು ಮಾಡಿದಳು. ಮೊದಲನೆಯದರಲ್ಲಿ ಪರದೆಯ ಅಂಕಿಯನ್ನು ಬರೆದಳು. ಪೆನ್ನು ಹಾಳೆಯನ್ನು ಹರಿಯುವಷ್ಟು ಒತ್ತಿತ್ತು.

"ಓದಿ," ಎಂದಳು, ಫಾರಮ್ಮನ್ನು ಆಚೆ ತಳ್ಳಿ.

ಫಿಸಿಕ್ಸ್ ಮೇಡಂ ಮೈಕಿನ ಗುಂಡಿ ಒತ್ತಿದಳು. ಕ್ಯಾಮೆರಾದಲ್ಲಿ ಕ್ರೇನಣ್ಣನ ಎರಡೂ ಮುಷ್ಟಿ ಬಿಗಿದಿದ್ದವು.

"ಬಲಗಣ್ಣಿನ ನರದ ಕಡೆಗೆ," ಎಂದಳು, "ಆರು ಪಾಯಿಂಟ್ ನಾಲ್ಕು ಮಿಲಿಮೀಟರ್."